ಕಾಲು ಪಾಲು ಪಾಠಕ್ಕೆ, ಮುಕ್ಕಾಲು ಊರಿಗೆ

ಸ್ಪೇನಿಗೆ ಹೋಗಿ ಮೂರು ವಾರ ಸ್ಪ್ಯಾನಿಷ್ ಕಲಿತು ಬರುವ ಖರ್ಚಿನಲ್ಲಿ ಪಾಠ ಹೇಳುವವರ ಕೈಸೇರುವುದು ಹೆಚ್ಚುಕಮ್ಮಿ ಕಾಲು ಭಾಗ. ಉಳಿದ ಮುಕ್ಕಾಲು ವಿಮಾನಕ್ಕೆ, ವೀಸಾಕ್ಕೆ, ಕೋಣೆಗೆ, ಊಟಕ್ಕೆ. 2024ರ ಬೇಸಿಗೆಯಲ್ಲಿ ಸಲಮಾಂಕಾ ಎಂಬ ಊರಿಗೆ ಹೋಗಿ ಬಂದ ಮೇಲೆ, ಯಾರು ವಿಚಾರಿಸಿದರೂ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ. ವಿಚಾರಿಸುವವರು ಮಾತ್ರ ಕೋರ್ಸಿನ ಫೀಸಿನಿಂದ ಆಚೆ ಬರುವುದಿಲ್ಲ. ವಾರಕ್ಕೆ ಇಪ್ಪತ್ತು ಯುರೋ ಕಡಿಮೆಗೆ ಕಲಿಸುವ ಶಾಲೆಗಾಗಿ ರಾತ್ರಿಯೆಲ್ಲ ಮೊಬೈಲ್ ತಿಕ್ಕುತ್ತಾರೆ.

ಅಂಕಿ ಇಟ್ಟೇ ನೋಡೋಣ. ನಾನು ಹೋದಾಗ ಯುರೋ ತೊಂಬತ್ತು ರೂಪಾಯಿಯ ಆಸುಪಾಸಿನಲ್ಲಿತ್ತು, 2025ರಲ್ಲಿ ನೂರು ದಾಟಿತು. ಸುಲಭಕ್ಕೆ ನೂರೆಂದೇ ಹಿಡಿಯಿರಿ. ವಾರಕ್ಕೆ 20 ಪಾಠದ ಗುಂಪು ತರಗತಿಗೆ ಸುಮಾರು 200 ಯುರೋ, ಮೂರು ವಾರಕ್ಕೆ 600. ನೋಂದಣಿಗೂ ಪುಸ್ತಕಕ್ಕೂ ಸೇರಿ 80. ಅಲ್ಲಿನ ಒಂದು ಮನೆಯಲ್ಲಿ ಬೆಳಗಿನ ತಿಂಡಿ, ರಾತ್ರಿಯೂಟದೊಂದಿಗೆ ಉಳಿಯಲು ವಾರಕ್ಕೆ 230ರಂತೆ 690. ಮಧ್ಯಾಹ್ನದ ಊಟ ದಿನಕ್ಕೆ 13ರಂತೆ 270 ಚಿಲ್ಲರೆ. ಕಾಫಿ, ರೈಲು, ವಾರಾಂತ್ಯದ ಸುತ್ತಾಟಕ್ಕೆ 200 ಇಡಿ. ಅಲ್ಲಿಗೆ ಒಂದು ಲಕ್ಷದ ಎಂಬತ್ತನಾಲ್ಕು ಸಾವಿರ ರೂಪಾಯಿ. ಬೆಂಗಳೂರಿನಿಂದ ಮ್ಯಾಡ್ರಿಡ್‌ಗೆ ನೇರ ವಿಮಾನವಿಲ್ಲ; ಕೊಲ್ಲಿಯ ಯಾವುದಾದರೂ ಊರಲ್ಲೋ ಫ್ರಾಂಕ್‌ಫರ್ಟಿನಲ್ಲೋ ಇಳಿದು ಹತ್ತಿ ಹೋಗಿ ಬರಲು ಸುಮಾರು 70,000. ವೀಸಾ, ವಿಮೆ ಸೇರಿ ಹದಿಮೂರು, ಹದಿನಾಲ್ಕು ಸಾವಿರ. ಒಟ್ಟು ಎರಡು ಲಕ್ಷದ ಅರವತ್ತೆಂಟು ಸಾವಿರದಷ್ಟು. ಅದರಲ್ಲಿ ಪಾಠದ್ದು 68,000.

ಅಂದರೆ ನೀವು ಮುಖ್ಯವಾಗಿ ಕೊಳ್ಳುತ್ತಿರುವುದು ತರಗತಿಯನ್ನಲ್ಲ, ತರಗತಿಯ ಹೊರಗಿನ ಊರನ್ನು. ಬೇಕರಿಯವಳು, ಬಸ್ಸಿನಲ್ಲಿ ಪಕ್ಕದವನು, ಊಟದ ಮೇಜಿನಲ್ಲಿ ಎದುರು ಕೂತ ಮನೆಯೊಡತಿ, ಇವರ ಮಾತಿಗೆ ಆ ಎರಡು ಲಕ್ಷ. ಅವರಾಡುವುದು ಒಂದಕ್ಷರವೂ ಅರ್ಥವಾಗದಿದ್ದರೆ ಆ ಎರಡು ಲಕ್ಷ ಕಲಿಕೆಯ ಖರ್ಚಲ್ಲ, ಪ್ರವಾಸದ ಖರ್ಚು. ಪ್ರವಾಸ ತಪ್ಪೇನಲ್ಲ. ಆದರೆ ಪ್ರವಾಸಕ್ಕೆ ಹೋದವರು ದಿನಾ ಬೆಳಗ್ಗೆ ನಾಲ್ಕು ಗಂಟೆ ಬೆಂಚಿನ ಮೇಲೆ ಕೂರುವುದೇಕೆ?

ನನ್ನ ಅಕ್ಕನ ಮಗಳಿಗೆ ಇದನ್ನು ಒಪ್ಪಿಸಲು ಒಂದು ಭಾನುವಾರ ಹಿಡಿಯಿತು. ಅವಳು ಬೆಂಗಳೂರಿನ ಕಂಪನಿಯೊಂದರಲ್ಲಿ ಮೆಕ್ಸಿಕೊ, ಕೊಲಂಬಿಯಾ ಕಡೆಯ ಬಿಲ್ಲುಗಳನ್ನು ನೋಡಿಕೊಳ್ಳುತ್ತಾಳೆ. ಸ್ಪ್ಯಾನಿಷ್ ಬಂದರೆ ಸಂಬಳ ಏರುತ್ತದೆ ಎಂಬ ಆಸೆ.

"ಚಿಕ್ಕಮ್ಮ, ಇಲ್ಲಿ ಏನೂ ಕಲಿಯದೆ ಸೀದಾ ಅಲ್ಲಿಗೇ ಹೋದರೆ ಬೇಗ ಬಾಯಿಗೆ ಬರುತ್ತಂತೆ?"

"ಯಾರೇ ಹೇಳಿದ್ದು?"

"ಅಲ್ಲಿನ ಶಾಲೆಯವರೇ ಬರೆದಿದ್ದಾರೆ."

"ಮಾರುವವರು ಇನ್ನೇನು ಬರೀತಾರೆ?"

ಭಾಷೆಯ ಮಟ್ಟವನ್ನು ಯುರೋಪಿನಲ್ಲಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲಾಗಿ ಅಳೆಯುತ್ತಾರೆ. ಮೊದಲ ಮೆಟ್ಟಿಲು ದಾಟಲು ಅರವತ್ತು, ಎಂಬತ್ತು ಗಂಟೆ ಪಾಠ ಸಾಕು. ನಡುವಿನ ಮೆಟ್ಟಿಲುಗಳಿಗೆ ಒಂದೊಂದಕ್ಕೂ ನೂರೈವತ್ತರಿಂದ ಇನ್ನೂರು ಗಂಟೆ ಬೇಕು. ಮೂರು ವಾರದಲ್ಲಿ ಸಿಗುವುದು ಐವತ್ತು ಗಂಟೆಯಷ್ಟು. ಸೊನ್ನೆಯಿಂದ ಹೊರಟವರು ಎರಡೂಮುಕ್ಕಾಲು ಲಕ್ಷ ಸುರಿದು ಮೊದಲ ಮೆಟ್ಟಿಲನ್ನೂ ಪೂರ್ತಿ ಹತ್ತದೆ ವಾಪಸಾಗುತ್ತಾರೆ. ಅದೇ ಮೆಟ್ಟಿಲನ್ನು ಬೆಂಗಳೂರಿನ ವಾರಾಂತ್ಯದ ತರಗತಿಯಲ್ಲೋ, ಸ್ಪೇನ್ ಸರ್ಕಾರದ ಇನ್‌ಸ್ಟಿಟ್ಯೂಟೊ ಸೆರ್ವಾಂಟೆಸ್ ದೆಹಲಿಯಿಂದ ನಡೆಸುವ ಆನ್‌ಲೈನ್ ಪಾಠದಲ್ಲೋ ಅದರ ಸಣ್ಣದೊಂದು ಪಾಲು ಹಣದಲ್ಲಿ, ಕೆಲಸಕ್ಕೆ ರಜೆ ಹಾಕದೆ ಹತ್ತಬಹುದು. ಕ್ರಿಯಾಪದದ ರೂಪಗಳನ್ನು ಬಾಯಿಪಾಠ ಮಾಡಲು ಯುರೋ ಬೇಕಿಲ್ಲ, ರೂಪಾಯಿ ಸಾಕು. ಎರಡನೆಯ ಮೆಟ್ಟಿಲಾದ ಎ2 ಮುಗಿಸಿ, ತಪ್ಪೋ ಒಪ್ಪೋ ಎರಡು ವಾಕ್ಯ ಜೋಡಿಸುವಷ್ಟಾದ ಮೇಲೆ ವಿಮಾನ ಹತ್ತಿದರೆ ಊರಿಗೆ ಕೊಟ್ಟ ಮುಕ್ಕಾಲು ಪಾಲು ಹಣವೂ ದುಡಿಯುತ್ತದೆ.

ಇದೇ ಕಾರಣಕ್ಕೆ ನಾನು ಜಿಪುಣತನ ಮಾಡಬೇಡಿ ಎನ್ನುವುದು ಉಳಿಯುವ ಜಾಗದಲ್ಲಿ. ಶಾಲೆಗಳು ಎರಡು ಆಯ್ಕೆ ಕೊಡುತ್ತವೆ. ಬೇರೆ ವಿದ್ಯಾರ್ಥಿಗಳ ಜತೆ ಹಂಚಿಕೊಳ್ಳುವ ಫ್ಲ್ಯಾಟಿಗೆ ವಾರಕ್ಕೆ 150 ಯುರೋ ಆದೀತು. ಮನೆಯವರೊಡನೆ ಉಳಿಯುವುದು ಮೂರು ವಾರಕ್ಕೆ ಅದಕ್ಕಿಂತ 240 ಯುರೋ, ಅಂದರೆ ಇಪ್ಪತ್ನಾಲ್ಕು ಸಾವಿರ ರೂಪಾಯಿ ಜಾಸ್ತಿ. ಫ್ಲ್ಯಾಟಿನಲ್ಲಿ ಒಬ್ಬ ಜರ್ಮನ್, ಒಬ್ಬಳು ಕೊರಿಯನ್, ಒಬ್ಬ ಅಮೆರಿಕನ್ ಇರುತ್ತಾರೆ, ಎಲ್ಲರೂ ಮಾತಾಡುವುದು ಇಂಗ್ಲಿಷು. ಮನೆಯಲ್ಲಾದರೆ ರಾತ್ರಿಯೂಟ ಒಂಬತ್ತೂವರೆ, ಹತ್ತಕ್ಕೆ ಶುರುವಾಗಿ ಒಂದೂವರೆ ಗಂಟೆ ನಡೆಯುತ್ತದೆ. ಮೂರು ವಾರಕ್ಕೆ ಮೂವತ್ತು ಗಂಟೆಯ ಮಾತುಕತೆ. ಗಂಟೆಗೆ ಎಂಟು ಯುರೋ ಬಿತ್ತು, ಊಟ ತಿಂಡಿ ಬೇರೆ ಸೇರಿ. ಇದಕ್ಕಿಂತ ಅಗ್ಗದ ಮೇಷ್ಟರು ಆ ದೇಶದಲ್ಲಿ ಸಿಗರು. ನಾನಿದ್ದ ಮನೆಯೊಡತಿ ಎಪ್ಪತ್ತು ದಾಟಿದ ವಿಧವೆ. ಆ ವರ್ಷ ಬರಗಾಲದ ದೆಸೆಯಿಂದ ಆಲಿವ್ ಎಣ್ಣೆ ಲೀಟರಿಗೆ ಒಂಬತ್ತು ಯುರೋಗೆ ಏರಿತ್ತು, ದಿನವೂ ಅದರದೇ ಪುರಾಣ. ಹಣದುಬ್ಬರ, ಪಿಂಚಣಿ, ಸೊಸೆ, ಈ ಮೂರು ವಿಷಯದಲ್ಲಿ ನನ್ನ ಸ್ಪ್ಯಾನಿಷ್ ಇವತ್ತಿಗೂ ಸರಾಗ.

ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿ ಹಂದಿಯ ಒಣಮಾಂಸದ ಚೂರನ್ನು ಮಾಂಸವೆಂದೇ ಎಣಿಸದವರಿದ್ದಾರೆ. ತರಕಾರಿ ಸಾರಿನಲ್ಲೂ ಬಟಾಣಿ ಪಲ್ಯದಲ್ಲೂ ಅದು ತೇಲುತ್ತದೆ, ಸಲಾಡ್ ಎಂದರೆ ಮೇಲೊಂದಿಷ್ಟು ಟ್ಯೂನಾ ಮೀನು ಬಂದೇ ಬರುತ್ತದೆ. ನೋಂದಣಿಯ ಅರ್ಜಿಯಲ್ಲಿ ಬರೀ ಸಸ್ಯಾಹಾರಿ ಎಂದು ಬರೆದು ಸುಮ್ಮನಾಗದೆ, ಏನೇನು ತಿನ್ನುವುದಿಲ್ಲ ಎಂದು ಒಂದೊಂದಾಗಿ ಬರೆಯಿರಿ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೊರ್ತಿಯಾ ಇದ್ದೇ ಇದೆ. ಮಧ್ಯಾಹ್ನ ಹೋಟೆಲುಗಳಲ್ಲಿ ಮೆನು ದೆಲ್ ದಿಯಾ ಎಂಬ ನಿಗದಿ ಬೆಲೆಯ ಊಟವಿರುತ್ತದೆ. ಸರ್ವಾಧಿಕಾರಿ ಫ್ರಾಂಕೊನ ಆಡಳಿತ 1960ರ ದಶಕದಲ್ಲಿ ಪ್ರವಾಸಿಗರಿಗೆಂದು ಜಾರಿಗೆ ತಂದ ವ್ಯವಸ್ಥೆಯಿಂದ ಬೆಳೆದು ಈಗ ಅಲ್ಲಿನ ಗುಮಾಸ್ತರಿಂದ ಗಾರೆ ಕೆಲಸದವರವರೆಗೆ ಎಲ್ಲರ ಊಟವಾಗಿದೆ. ಮೊದಲ ಸುತ್ತಿಗೊಂದು ತಿನಿಸು, ಎರಡನೆಯ ಸುತ್ತಿಗೊಂದು, ಬ್ರೆಡ್ಡು, ಕುಡಿಯಲು ಒಂದು, ಕೊನೆಗೆ ಸಿಹಿಯೋ ಕಾಫಿಯೋ. ಎರಡನೆಯದು ಬಹುಪಾಲು ಮಾಂಸ ಅಥವಾ ಮೀನು. ಅದರ ಬದಲು ಮೊದಲ ಪಟ್ಟಿಯಿಂದಲೇ ಎರಡು ಕೊಡಿ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ. ಇಲ್ಲದಿದ್ದರೆ ಅರ್ಧ ಊಟಕ್ಕೆ ಪೂರ್ತಿ ದುಡ್ಡು.

ಇನ್ನು ಪಾಠದ ಆ 68,000. ಫೀಸು ಹೋಲಿಸುವ ಮುಂಚೆ ಶಾಲೆಯವರು ಒಂದು ಪಾಠ ಎನ್ನುವುದು ಎಷ್ಟು ನಿಮಿಷಕ್ಕೆ ಎಂದು ಕೇಳಿ. ಕೆಲವರದು 45, ಕೆಲವರದು 50, ಕೆಲವರದು 55 ನಿಮಿಷ. 200 ಯುರೋಗೆ 20 ಪಾಠ ಎಂದು ಇಬ್ಬರೂ ಬರೆದಿರುತ್ತಾರೆ. ಒಬ್ಬರಲ್ಲಿ ವಾರಕ್ಕೆ ಹದಿನೈದು ಗಂಟೆ, ಇನ್ನೊಬ್ಬರಲ್ಲಿ ಹದಿನೆಂಟು ಗಂಟೆ ಇಪ್ಪತ್ತು ನಿಮಿಷ. ಗಂಟೆಯ ದರ ಒಂದು ಕಡೆ 13 ಯುರೋ ದಾಟಿದರೆ ಇನ್ನೊಂದು ಕಡೆ 11 ಯುರೋ ಮುಟ್ಟುವುದಿಲ್ಲ. ಮೂರು ವಾರಕ್ಕೆ ಹತ್ತು ಗಂಟೆಯ ವ್ಯತ್ಯಾಸ. ಹಬ್ಬದ ರಜೆಯನ್ನೂ ನೋಡಿಕೊಳ್ಳಿ. ಜೂನ್ 12 ಸಲಮಾಂಕಾದ ಊರದೇವರಂಥ ಸಂತನ ಹಬ್ಬ, ಅಂದು ಊರೇ ಮುಚ್ಚಿರುತ್ತದೆ. ನನ್ನ ಶಾಲೆಯೂ ಮುಚ್ಚಿತ್ತು, ಆ ವಾರದ ಫೀಸು ಮಾತ್ರ ಪೂರ್ತಿ. ನಿಯಮಾವಳಿಯ ಕೊನೆಯ ಪುಟದಲ್ಲಿ ಅದನ್ನು ಬರೆದೇ ಇದ್ದರು, ಆದ್ದರಿಂದ ಜಗಳಕ್ಕೆ ಆಸ್ಪದವಿರಲಿಲ್ಲ. ಮಧ್ಯಾಹ್ನದ ಹೆಚ್ಚುವರಿ ಪಾಠಗಳ ದುಬಾರಿ ಕೋರ್ಸನ್ನು ನಾನು ಕೊಳ್ಳುವುದಿಲ್ಲ. ಮಧ್ಯಾಹ್ನಕ್ಕೆ ಊರಿದೆಯಲ್ಲ.

ಯಾವ ಊರು, ಯಾವ ತಿಂಗಳು ಎಂಬುದೇ ನಿಜವಾದ ಹಣದ ಪ್ರಶ್ನೆ. ಸಲಮಾಂಕಾದ ವಿಶ್ವವಿದ್ಯಾಲಯ 1218ರದು. ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸುವುದೇ ಅಲ್ಲಿನ ಒಂದು ದೊಡ್ಡ ಕಸುಬು. ಮ್ಯಾಡ್ರಿಡ್‌ಗಿಂತ ಬಾಡಿಗೆ ಕಡಿಮೆ, ಎಲ್ಲಿಗೂ ನಡೆದೇ ಹೋಗಬಹುದು, ಬಸ್ಸಿನ ಖರ್ಚೇ ಇಲ್ಲ. ತೊಂದರೆ ಏನೆಂದರೆ ಜೂನ್ ಕಳೆಯುತ್ತಿದ್ದಂತೆ ಸ್ಪೇನಿನ ಹುಡುಗರು ರಜೆಗೆಂದು ತಮ್ಮೂರಿಗೆ ಹೋಗುತ್ತಾರೆ, ಅವರ ಜಾಗಕ್ಕೆ ನಮ್ಮಂಥ ಕಲಿಯುವವರು ಬಂದು ತುಂಬುತ್ತಾರೆ. ಸಂಜೆ ಪ್ಲಾಸಾ ಮಯೋರ್ ಚೌಕದಲ್ಲಿ ಕೂತರೆ ಕಿವಿಗೆ ಬೀಳುವುದರಲ್ಲಿ ಅರ್ಧ ಇಂಗ್ಲಿಷು. ಬಾರ್ಸಿಲೋನಾದಲ್ಲಿ ಖರ್ಚು ಇನ್ನೂ ಹೆಚ್ಚು, ಬೋರ್ಡುಗಳೂ ಶಾಲೆಗಳೂ ಕ್ಯಾಟಲಾನ್ ಭಾಷೆಯಲ್ಲಿ, ಅಂಗಡಿಯವರು ನಿಮ್ಮ ಮುಖ ನೋಡಿ ಇಂಗ್ಲಿಷಿಗೆ ತಿರುಗುತ್ತಾರೆ. ಕನ್ನಡ ಕಲಿಯಲೆಂದು ಇಂದಿರಾನಗರದಲ್ಲಿ ಮನೆ ಮಾಡಿದವರನ್ನು ನೋಡಿದ್ದರೆ ಇದನ್ನು ವಿವರಿಸಬೇಕಿಲ್ಲ. ಸೆವಿಲ್ಯ, ಕೊರ್ದೊಬಾಗಳಲ್ಲಿ ಜುಲೈ ಬಿಸಿಲು 40 ಡಿಗ್ರಿ; ಮಲಗಾ, ವಲೆನ್ಸಿಯಾದಂಥ ಸಮುದ್ರತೀರದಲ್ಲಿ ಆಗಸ್ಟಿನ ಕೋಣೆ ಬಾಡಿಗೆ ಅದಕ್ಕಿಂತ ಬಿಸಿ.

ನಮ್ಮಲ್ಲಿ ಶಾಲಾಕಾಲೇಜಿನ ಮೇಷ್ಟರುಗಳಿಗೆ ಇಲ್ಲೊಂದು ಅನುಕೂಲವಿದೆ. ನಮ್ಮ ಬೇಸಿಗೆ ರಜೆ ಬರುವುದು ಏಪ್ರಿಲ್, ಮೇನಲ್ಲಿ. ಸ್ಪೇನಿನಲ್ಲಿ ಅದು ವಸಂತ. ಬೇಸಿಗೆಗೆಂದು ಕೋಣೆಗೂ ಕೋರ್ಸಿಗೂ ಹಾಕುವ ಹೆಚ್ಚುವರಿ ದರ ಇನ್ನೂ ಶುರುವಾಗಿರುವುದಿಲ್ಲ, ವಿಶ್ವವಿದ್ಯಾಲಯದ ಹುಡುಗರು ಊರಲ್ಲೇ ಇರುತ್ತಾರೆ, ತರಗತಿಯಲ್ಲಿ ತಲೆಗಳು ಕಡಿಮೆ. ಬೆಂಗಳೂರಿನಿಂದ ಟಿಕೆಟ್ಟು ಆ ಹೊತ್ತಿಗೆ ಒಂದಿಷ್ಟು ಏರಿರುತ್ತದೆ, ನಿಜ. ಅದನ್ನು ಕೋಣೆಯ ಬಾಡಿಗೆಯಲ್ಲಿ ಗಿಟ್ಟಿಸಬಹುದು. ಗಿಟ್ಟದೇ ಕಾಡುವುದು ವೀಸಾ ಕೇಂದ್ರದ ಅಪಾಯಿಂಟ್‌ಮೆಂಟ್. ತೊಂಬತ್ತು ದಿನದೊಳಗಿನ ಕೋರ್ಸಿಗೆ ಮಾಮೂಲಿ ಶೆಂಗೆನ್ ವೀಸಾ ಸಾಕು, ವಿದ್ಯಾರ್ಥಿ ವೀಸಾ ಬೇಡ. ಶುಲ್ಕ 2024ರ ಜೂನ್‌ನಿಂದ 90 ಯುರೋ, ಕೇಂದ್ರದವರ ಸೇವಾಶುಲ್ಕ ಪ್ರತ್ಯೇಕ, ವೀಸಾ ಸಿಗದಿದ್ದರೂ ಹಣ ವಾಪಸಿಲ್ಲ. ಕನಿಷ್ಠ 30,000 ಯುರೋ ರಕ್ಷಣೆಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ಆದ್ದರಿಂದ ಮೇ ತಿಂಗಳ ಪ್ರಯಾಣಕ್ಕೆ ಜನವರಿಯಲ್ಲೇ ಕೂರಿ. ಶಾಲೆಯವರು ಪ್ರವೇಶಪತ್ರ ಕೊಡುವುದು ಮುಂಗಡ ಕಟ್ಟಿದ ಮೇಲೆ. ವೀಸಾ ನಿರಾಕರಣೆಯಾದರೆ ಆ ಮುಂಗಡದಲ್ಲಿ ಎಷ್ಟು ಮರಳುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲೇ ಇಮೇಲಿನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಅಲ್ಲ.

ಹಣ ಕಳಿಸುವ ದಾರಿಯಲ್ಲೂ ಸೋರಿಕೆಯಿದೆ. ಸಾಮಾನ್ಯ ಕ್ರೆಡಿಟ್ ಕಾರ್ಡಿನಲ್ಲಿ ಯುರೋ ಕಟ್ಟಿದರೆ ಶೇಕಡಾ ಮೂರೂವರೆಯವರೆಗೆ ವಿನಿಮಯದ ಶುಲ್ಕ, ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ. 68,000ಕ್ಕೆ 2,800 ರೂಪಾಯಿ ಸುಮ್ಮನೆ ಹೋಗುತ್ತದೆ. ಈ ಶುಲ್ಕವಿಲ್ಲದ ಕಾರ್ಡುಗಳಿವೆ, ಹೊರಡುವ ಮೊದಲು ಒಂದನ್ನು ಮಾಡಿಸಿಕೊಳ್ಳುವುದು ಮೇಲು. ಅಲ್ಲಿನ ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕಟ್ಟುತ್ತೀರಾ?" ಎಂದು ಕೇಳಿದರೆ ಮರುಳಾಗದೆ ಯುರೋ ಒತ್ತಿ, ರೂಪಾಯಿಯ ದರವನ್ನು ಅವರಿಗೆ ಬೇಕಾದಂತೆ ಹಾಕಿಕೊಂಡಿರುತ್ತಾರೆ. ಎಟಿಎಂಗಳು ಪ್ರತಿ ಸಲ ಐದಾರು ಯುರೋ ಮುರಿದುಕೊಳ್ಳುತ್ತವೆ, ಹಾಗಾಗಿ ಸಣ್ಣ ಸಣ್ಣ ಮೊತ್ತ ತೆಗೆಯಬೇಡಿ.

ವಿದೇಶಕ್ಕೆ ಹಣ ಕಟ್ಟುವಾಗಲೇ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಸಿಎಸ್ ಬಗ್ಗೆ ಎಲ್ಲರಿಗೂ ಭಯ. ನೀವೇ ಬ್ಯಾಂಕಿನ ಮೂಲಕ ಶಾಲೆಗೆ ಹಣ ಕಳಿಸಿದರೆ, 2025ರ ಏಪ್ರಿಲ್‌ನಿಂದ ವರ್ಷಕ್ಕೆ ಹತ್ತು ಲಕ್ಷದವರೆಗೆ ಟಿಸಿಎಸ್ ಇಲ್ಲ. ಆದರೆ ವಿಮಾನ, ಕೋಣೆ, ಕೋರ್ಸು ಎಲ್ಲ ಒಟ್ಟಿಗೆ ಟ್ರಾವೆಲ್ ಏಜೆಂಟರಿಂದ ಪ್ಯಾಕೇಜಾಗಿ ಕೊಂಡರೆ ಮೊದಲ ರೂಪಾಯಿಯಿಂದಲೇ ಹಿಡಿಯುತ್ತಾರೆ. ರಿಟರ್ನ್ಸ್ ಸಲ್ಲಿಸುವಾಗ ಅದು ನಿಮ್ಮ ತೆರಿಗೆಗೆ ಹೊಂದಿಕೊಳ್ಳುತ್ತದೆ, ಕಳೆದುಹೋಗುವುದಿಲ್ಲ. ಅಲ್ಲಿಯತನಕ ಕೈ ಮಾತ್ರ ಬಿಗಿ.

ಅಕ್ಕನ ಮಗಳ ಸಂಬಳದ ವಿಷಯ ಉಳಿಯಿತು. ಸ್ಪ್ಯಾನಿಷ್ ಬೇಕೆನ್ನುವ ಕೆಲಸಗಳು ಸಾಮಾನ್ಯವಾಗಿ ಕೇಳುವುದು ಬಿ2 ಮಟ್ಟ. ಶಾಲೆಯವರು ಕೊನೆಯ ದಿನ ಕೈಕುಲುಕಿ ಕೊಡುವ ಹಾಜರಾತಿ ಪತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಲೆಕ್ಕಕ್ಕೆ ಬರುವುದು ಡೆಲೆ ಅಥವಾ ಸಿಯೆಲೆ ಪರೀಕ್ಷೆ. ಡೆಲೆ ಪಾಸಾದರೆ ಜೀವನಪೂರ್ತಿ ಊರ್ಜಿತ, ಸಿಯೆಲೆಗೆ ಐದು ವರ್ಷ. ಡೆಲೆಯನ್ನು ಭಾರತದಲ್ಲೇ ಬರೆಯಬಹುದು, ಅದಕ್ಕೆಂದು ಸ್ಪೇನಿನಲ್ಲಿ ಒಂದು ವಾರ ಹೆಚ್ಚು ಉಳಿಯುವುದು ದಂಡ. ಸಂಬಳಕ್ಕಾಗಿಯೇ ಕಲಿಯುವುದಾದರೆ ಎರಡು ವರ್ಷ ಇಲ್ಲೇ ಕಲಿತು, ಬಿ1 ಮುಗಿಸಿ, ಪರೀಕ್ಷೆಗೆ ಎರಡು ತಿಂಗಳಿರುವಾಗ ಮೂರು ವಾರ ಅಲ್ಲಿದ್ದು ಬರಲಿ ಎಂದೆ. ಅವಳು ಸಲಮಾಂಕಾ ಬಿಟ್ಟು ಬುರ್ಗೋಸ್ ಎಂಬ, ವಿದೇಶಿ ವಿದ್ಯಾರ್ಥಿಗಳು ಅಷ್ಟಾಗಿ ಮುತ್ತದ ಊರನ್ನು ಹುಡುಕಿಕೊಂಡಿದ್ದಾಳೆ. ತಿಂಗಳಿಗೆ ಹನ್ನೊಂದು ಸಾವಿರದ ಆರ್‌ಡಿಯನ್ನೂ ಶುರುಮಾಡಿದ್ದಾಳೆ. ಎರಡು ವರ್ಷಕ್ಕೆ ಬಡ್ಡಿ ಸೇರಿ ಖರ್ಚು ಪೂರ್ತಿ ಕೈಯಲ್ಲಿರುತ್ತದೆ. ಯುರೋ ಇನ್ನೂ ಏರಿದರೆ ಮೂರು ವಾರವನ್ನು ಎರಡಕ್ಕೆ ಇಳಿಸುತ್ತಾಳಂತೆ, ಪರ್ಸನಲ್ ಲೋನಿಗೆ ಕೈಹಾಕುವುದಿಲ್ಲವಂತೆ.