ಸಿಜೇರಿಯನ್ ಬಾಣಂತನಕ್ಕೆ ಹನ್ನೆರಡು ಸೂತ್ರ

ನಮ್ಮ ಕಡೆ ಬಾಣಂತನ ಮಾಡುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಸಾಂಬ್ರಾಣಿ ಹೊಗೆ ಎಂದು ಬೆರಳು ಮಡಿಸಿ ಎಣಿಸುವ ಅಜ್ಜಿಯೊಬ್ಬರು ಸಿಗುತ್ತಾರೆ. ಆದರೆ ಆ ಅಜ್ಜಿ ಕಲಿತದ್ದು ಮನೆಯಲ್ಲಿ ಹೆತ್ತವರ ಬಾಣಂತನ. ಸಿಜೇರಿಯನ್ ಅಂದರೆ ಹೆರಿಗೆಯೂ ಹೌದು, ಹೊಟ್ಟೆಯ ದೊಡ್ಡ ಆಪರೇಷನ್ನೂ ಹೌದು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 23.6ರಷ್ಟು ಸಿಜೇರಿಯನ್ ಇದ್ದವು. 2019-21ರ ಹೊತ್ತಿಗೆ ಅದು ಶೇ. 31.5ಕ್ಕೆ ಏರಿತು. ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರಿಗೆ ಹೊಲಿಗೆ. ಅಂದಮೇಲೆ ಅಜ್ಜಿಯ ಬಾಣಂತನಕ್ಕೆ ಆಪರೇಷನ್ನಿನ ಆರೈಕೆಯನ್ನೂ ಸೇರಿಸಿಕೊಳ್ಳದೆ ವಿಧಿಯಿಲ್ಲ.

1. ಏಳು ತಿಂಗಳಲ್ಲೇ ದಾರಿ ಗೊತ್ತುಮಾಡಿಕೊಳ್ಳಿ

"ನಮ್ಮ ಹುಡುಗಿಗೆ ನಾರ್ಮಲ್ಲೇ ಆಗ್ತದೆ" ಎಂದು ನಂಬಿಕೊಳ್ಳುವುದು ತಪ್ಪಲ್ಲ. ಆಗದಿದ್ದರೆ ಎಲ್ಲಿಗೆ ಓಡಬೇಕು ಎಂದು ತಿಳಿಯದೆ ಇರುವುದು ತಪ್ಪು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ರಾತ್ರಿ ಹೊತ್ತಲ್ಲೂ ಸಿಜೇರಿಯನ್ ಮಾಡುತ್ತೀರಾ? ಅರಿವಳಿಕೆ ವೈದ್ಯರು ಯಾವ ದಿನ ಇರುತ್ತಾರೆ? ರಕ್ತದ ಸಂಗ್ರಹ ಇದೆಯಾ? ಹೆರಿಗೆ ಡಾಕ್ಟರ್ ಇದ್ದೂ ಅರಿವಳಿಕೆ ಡಾಕ್ಟರ್ ಇಲ್ಲದಿದ್ದರೆ ಆಪರೇಷನ್ ಆಗುವುದಿಲ್ಲ, ಮುಂದಕ್ಕೆ ಕಳಿಸುತ್ತಾರೆ. ಶ್ರೀರಂಗಪಟ್ಟಣದವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಕೈಗೆಟುಕುವ ದೂರ. ನಾಗಮಂಗಲದವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಇದೆ, ಮಂಡ್ಯದ ಮಿಮ್ಸ್ ಇದೆ. ಕೆ.ಆರ್. ಪೇಟೆಯ ಒಳಊರುಗಳವರಿಗೆ ಮಾತ್ರ ಮಂಡ್ಯಕ್ಕೂ ಮೈಸೂರಿಗೂ ಒಂದು ಗಂಟೆಗೆ ಮೇಲಿನ ದಾರಿ. ಹಾಗಾಗಿ ಮೊದಲ ಹೆರಿಗೆಯಲ್ಲಿ ಸಿಜೇರಿಯನ್ ಆಗಿದ್ದವರು, ಬಿಪಿ, ಸಕ್ಕರೆ, ಅವಳಿ, ಮಗು ಅಡ್ಡ ಮಲಗಿದೆ ಎಂದು ಹೇಳಿಸಿಕೊಂಡವರು ನೋವು ಬರುವವರೆಗೂ ಊರಲ್ಲೇ ಕೂರಬೇಡಿ. ಗಾಡಿಗೆ 108. ಆಚೀಚೆ ಮನೆಯ ಕಾರಿನವರ ನಂಬರೂ ಮೊಬೈಲಿನಲ್ಲಿರಲಿ.

2. ರಕ್ತವನ್ನು ಈಗಲೇ ಕೂಡಿಡಿ

ಸಿಜೇರಿಯನ್‌ನಲ್ಲಿ ಮಾಮೂಲಿ ಹೆರಿಗೆಗಿಂತ ಹೆಚ್ಚು ರಕ್ತ ಹೋಗುತ್ತದೆ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಎಷ್ಟೋ ಮನೆಗಳಲ್ಲಿ ಅದು ದೇವರ ಗೂಡಿನ ಪಕ್ಕ ಹಾಗೇ ಬಿದ್ದಿರುತ್ತದೆ. ಮಲ ಕಪ್ಪಗಾಗುತ್ತದೆ, ಓಕರಿಕೆ ಬರುತ್ತದೆ ಎಂದು ಬಿಟ್ಟಿರುತ್ತಾರೆ. ರಾತ್ರಿ ಊಟವಾದ ಮೇಲೆ ನಿಂಬೆ ಶರಬತ್ತಿನ ಜೊತೆ ನುಂಗಿ ನೋಡಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗಿರಲಿ. ಕಾಫಿ, ಟೀ ಜೊತೆಗಂತೂ ಕಬ್ಬಿಣ ಬೇಡವೇ ಬೇಡ. ಮಾತ್ರೆ ಒಗ್ಗದಿದ್ದರೆ ಡ್ರಿಪ್ಸ್ ಮೂಲಕ ಕಬ್ಬಿಣ ಕೊಡುವ ಇಂಜೆಕ್ಷನ್ ಇದೆ, ಡಾಕ್ಟರನ್ನು ಕೇಳಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗಾಗಿಯೇ ತಪಾಸಣೆ ಇರುತ್ತದೆ, ತಪ್ಪಿಸಬೇಡಿ. ರಕ್ತ ಕೊಡಬಲ್ಲ ಇಬ್ಬರನ್ನು ಮನೆಯವರು ಮೊದಲೇ ಒಪ್ಪಿಸಿಟ್ಟಿರಲಿ.

3. "ಯಾಕೆ?" ಎಂದು ಕೇಳಿ

ಮಗುವಿನ ಎದೆಬಡಿತ ಇಳಿಯುತ್ತಿದೆಯಾ, ಬಿಪಿ ಏರಿದೆಯಾ, ಹಳೆಯ ಹೊಲಿಗೆ ಇದೆಯಾ? ಕಾರಣ ಕೇಳುವುದು ನಿಮ್ಮ ಹಕ್ಕು, ಹೇಳುವುದು ಡಾಕ್ಟರ ಕರ್ತವ್ಯ. ಅವಸರದ ಹೊತ್ತಲ್ಲಿ ಮಾತ್ರ ಚರ್ಚೆಗೆ ನಿಲ್ಲಬೇಡಿ, ಸಹಿ ಹಾಕಿ. ಗಂಡ ಬರಲಿ, ಮಾವ ಬರಲಿ ಎಂದು ಕಾಯುವುದೂ ಬೇಡ. ಹೆರುವವಳ ಸಹಿ ಸಾಕು.

4. ಮುಹೂರ್ತಕ್ಕಾಗಿ ಮಗುವನ್ನು ಅವಸರ ಮಾಡಬೇಡಿ

ಒಳ್ಳೆ ನಕ್ಷತ್ರ, ಅಮಾವಾಸ್ಯೆ ತಪ್ಪಬೇಕು ಎಂದು ದಿನ ಹಿಂದಕ್ಕೆ ಎಳೆಯುವವರಿದ್ದಾರೆ. ತೊಂದರೆ ಏನೂ ಇಲ್ಲದಿದ್ದರೆ ಮೊದಲೇ ಗೊತ್ತುಮಾಡಿದ ಸಿಜೇರಿಯನ್‌ಗೆ 39 ವಾರ ತುಂಬುವುದು ಲೇಸು. ಅದಕ್ಕೂ ಮುಂಚೆ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಬರುವ ಸಂಭವ ಹೆಚ್ಚು. ಕೊನೆಯ ವಾರಗಳಲ್ಲಿ ಮಗುವಿನ ಶ್ವಾಸಕೋಶ ಬಲಿಯುತ್ತಿರುತ್ತದೆ. ಅದಕ್ಕಿಂತ ಒಳ್ಳೆಯ ಮುಹೂರ್ತ ನನಗಂತೂ ಕಾಣದು.

5. ಚೀಲ, ಬಳೆ, ಬ್ಲೇಡು

ಚೀಲದಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್. ಮುಂದೆ ಗುಂಡಿಯಿರುವ ನೈಟಿ, ಸೊಂಟದ ಮೇಲಕ್ಕೆ ಬರುವ ಸಡಿಲ ಒಳಉಡುಪು, ಒಗೆದು ಬಿಸಿಲಲ್ಲಿ ಒಣಗಿಸಿದ ಹಳೆ ಹತ್ತಿ ಸೀರೆಯ ತುಂಡುಗಳು, ಪ್ಯಾಡು, ಒಂದು ಫ್ಲಾಸ್ಕು. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆಯನ್ನು ಥಿಯೇಟರ್ ಬಾಗಿಲಲ್ಲಿ ಒಡೆಸಿಕೊಂಡು ಕಣ್ಣೀರು ಹಾಕುವುದಕ್ಕಿಂತ ಹಿಂದಿನ ದಿನವೇ ಸೋಪು ಹಚ್ಚಿ ಮೆಲ್ಲಗೆ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಇಡಿ. ವಾಪಸು ಬಂದ ಮೇಲೆ ಅತ್ತೆಯೇ ತೊಡಿಸಲಿ. ಹೊಟ್ಟೆಯ ಕೆಳಭಾಗದ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಕೂರುತ್ತದೆ. ಬೇಕಿದ್ದರೆ ಆಸ್ಪತ್ರೆಯವರೇ ಕತ್ತರಿಸುತ್ತಾರೆ. ಊಟ ಸಾಮಾನ್ಯವಾಗಿ ಆಪರೇಷನ್ನಿಗೆ ಆರು ಗಂಟೆ ಮುಂಚೆಯೇ ನಿಲ್ಲಬೇಕು. ನೀರು ಯಾವಾಗ ನಿಲ್ಲಿಸಬೇಕು ಎಂಬುದನ್ನು ಅರಿವಳಿಕೆ ಡಾಕ್ಟರನ್ನೇ ಕೇಳಿ. "ಶಕ್ತಿ ಬರಲಿ" ಎಂದು ಕದ್ದು ತಿನ್ನಿಸುವ ಒಂದು ಇಡ್ಲಿ ಪ್ರಾಣಕ್ಕೇ ಕುತ್ತು ತಂದೀತು.

6. ಥಿಯೇಟರಿನಲ್ಲಿ ಹೆದರಬೇಡಿ

ಬಹುಪಾಲು ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ಸೊಂಟದಿಂದ ಕೆಳಗೆ ಮರಗಟ್ಟುತ್ತದೆ, ಎಚ್ಚರ ಇರುತ್ತದೆ. ಎಳೆದಂತೆ, ಒತ್ತಿದಂತೆ ಅನಿಸುತ್ತದೆ, ನೋವು ಇರುವುದಿಲ್ಲ. ಮೈ ನಡುಗಿದರೆ ಗಾಬರಿಯಾಗಬೇಡಿ. ಆ ಇಂಜೆಕ್ಷನ್ನಿನಿಂದಲೇ ಜೀವನಪೂರ್ತಿ ಬೆನ್ನುನೋವು ಎಂಬ ಮಾತು ಊರೂರಲ್ಲಿದೆ. ಬೆನ್ನುನೋವು ಬಸುರಿನಲ್ಲೇ ಶುರುವಾಗಿರುತ್ತದೆ, ಬಗ್ಗಿ ಕೂತು ಹಾಲೂಡಿಸುವುದರಿಂದ ಹೆಚ್ಚುತ್ತದೆ.

7. ಮಾರನೆಯ ದಿನವೇ ಏಳಿ

ಎಲ್ಲಕ್ಕಿಂತ ಕಷ್ಟದ ಸೂತ್ರ ಇದು, ಎಲ್ಲಕ್ಕಿಂತ ಮುಖ್ಯವೂ ಇದೇ. ನನ್ನ ತಂಗಿಗೆ ಆಪರೇಷನ್ ಆದ ಮಾರನೆಯ ಬೆಳಿಗ್ಗೆ ನರ್ಸ್ ಬಂದು "ಏಳಮ್ಮ" ಅಂದಾಗ ನಮ್ಮವ್ವ "ಹಸಿ ಮೈ ಕಣವ್ವ, ಒಸಿ ಬಿಡು" ಎಂದು ಅಡ್ಡ ನಿಂತರು. ನರ್ಸ್ ಬೈಯಲಿಲ್ಲ. ಪಕ್ಕದಲ್ಲಿ ಕೂತು ಒಂದೊಂದೇ ಹೇಳಿಕೊಟ್ಟರು. ನೆಟ್ಟಗೆ ಮೇಲೇಳಬೇಡ. ಮೊಣಕಾಲು ಮಡಿಸು. ಮಗ್ಗುಲಿಗೆ ಹೊರಳು. ಕಾಲು ಮಂಚದಿಂದ ಕೆಳಗಿಳಿಸು. ಈಗ ಕೈಯೂರಿ ಮೈಯೆತ್ತು. ಎರಡು ನಿಮಿಷ ಹಾಗೇ ಕೂತು ಉಸಿರು ತಗೊ, ಆಮೇಲೆ ನಿಲ್ಲು. ಒಂದು ಕೈ ಮಡಿಸಿದ ಟವಲಿನ ಮೇಲೆ, ಟವಲು ಹೊಲಿಗೆಯ ಮೇಲೆ. ಕಕ್ಕಸಿನವರೆಗೆ ಹತ್ತು ಹೆಜ್ಜೆ. ತಂಗಿ ಹೋಗಿಬಂದಳು, ಅಳುತ್ತಲೇ. ಸಂಜೆ ಎರಡನೆಯ ಸಲ ಅಳಲಿಲ್ಲ.

ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ. ಓಡಾಡಿದರೆ ಗ್ಯಾಸ್ ಹೋಗುತ್ತದೆ, ಹೊಟ್ಟೆ ಹಗುರಾಗುತ್ತದೆ. ಕೆಮ್ಮುವಾಗ, ಸೀನುವಾಗ, ನಗುವಾಗಲೂ ಅದೇ ಟವಲನ್ನು ಹೊಟ್ಟೆಗೆ ಒತ್ತಿಹಿಡಿಯಿರಿ. ಡಾಕ್ಟರ್ ಬರೆದ ನೋವಿನ ಮಾತ್ರೆಯನ್ನು ಹೊತ್ತು ಹೊತ್ತಿಗೆ ತಗೊಳ್ಳಿ. ನೋವು ತಡೆದುಕೊಂಡು ಮಲಗಿರುವವಳಿಗಿಂತ ಮಾತ್ರೆ ನುಂಗಿ ನಡೆಯುವವಳು ಬೇಗ ಚೇತರಿಸಿಕೊಳ್ಳುತ್ತಾಳೆ.

8. ಗಿಣ್ಣು ಹಾಲು ಮಗುವಿನದು

ಆಪರೇಷನ್ ಆದರೂ ಸಾಧ್ಯವಾದರೆ ಮೊದಲ ಗಂಟೆಯೊಳಗೇ ಮಗುವನ್ನು ಎದೆಗೆ ಹಾಕಿಸಿಕೊಳ್ಳಿ. ಮಲಗಿದ್ದಂತೆಯೇ ಕುಡಿಸಬಹುದು, ನರ್ಸ್ ಸಹಾಯ ಕೇಳಿ. ಹಾಲು ತುಂಬಿಕೊಳ್ಳುವುದು ಒಂದೆರಡು ದಿನ ತಡವಾದೀತು. ಆ ಗ್ಯಾಪಿನಲ್ಲಿ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ಯಾವುದೂ ಬೇಡ. ಮಗು ಚೀಪಿದಷ್ಟೂ ಹಾಲು ಬರುತ್ತದೆ: ದಿನಕ್ಕೆ ಎಂಟರಿಂದ ಹನ್ನೆರಡು ಸಲ. ತೊಡೆಯ ಮೇಲೆ ಹಾಕಿಕೊಂಡರೆ ಹೊಲಿಗೆಗೆ ತಾಗುತ್ತದೆ. ಹಾಗಾಗಿ ಮಗ್ಗುಲಲ್ಲಿ ಮಲಗಿ ಕುಡಿಸಿ, ಇಲ್ಲವೇ ದಿಂಬಿನ ಮೇಲೆ ಮಗುವನ್ನಿಟ್ಟು ಅದರ ಕಾಲು ನಿಮ್ಮ ಕಂಕುಳ ಕೆಳಗೆ ಹಿಂದಕ್ಕೆ ಬರುವ ಹಾಗೆ ಹಿಡಿದುಕೊಳ್ಳಿ.

9. ಪಥ್ಯದ ಹೆಸರಲ್ಲಿ ಉಪವಾಸ ಬೇಡ

"ನೀರು ಕುಡಿದ್ರೆ ಹೊಟ್ಟೆ ಬರ್ತದೆ, ಹೊಲಿಗೆ ಕೀವಾಗ್ತದೆ." ನಾಲ್ಕೂ ತಾಲ್ಲೂಕಿನಲ್ಲಿ ಈ ಮಾತು ಕೇಳಿದ್ದೇನೆ. ನೀರಿನಿಂದ ಕೀವಾಗುವುದಿಲ್ಲ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ಮುಕ್ಕಿದರೆ ಹೊಲಿಗೆ ಜಗ್ಗುತ್ತದೆ, ಉರಿಮೂತ್ರ ಬರುತ್ತದೆ. ಕಾಯಿಸಿ ಆರಿಸಿದ ನೀರು ದಿನಕ್ಕೆ ಎರಡೂವರೆ ಮೂರು ಲೀಟರ್ ಹೊಟ್ಟೆಗೆ ಹೋಗಲಿ.

ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಇರಲಿ, ಅದರಲ್ಲಿ ಕೇಡಿಲ್ಲ. ಆದರೆ ಅನ್ನ ಮತ್ತು ಸಾರಿನಲ್ಲೇ ತಿಂಗಳು ತಳ್ಳಿದರೆ ಕೊಯ್ದ ಮಾಂಸ ಕೂಡುವುದು ಹೇಗೆ? ಅದಕ್ಕೆ ಬೇಳೆ, ಕಾಳು, ಮೊಟ್ಟೆ, ತಿನ್ನುವವರಾದರೆ ಖಾರ ಕಡಿಮೆ ಹಾಕಿದ ನಾಟಿಕೋಳಿ ಸಾರು ಬೇಕು. ನಮ್ಮ ಮುದ್ದೆಯನ್ನು ಬಾಣಂತಿಗೆ ಯಾಕೆ ತಪ್ಪಿಸಬೇಕು? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸೊಪ್ಪು, ಸೀಬೆ, ಬಾಳೆಹಣ್ಣು "ಶೀತ" ಎಂದು ಓಡಿಸಬೇಡಿ. ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ 180 ದಿನ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಹೆತ್ತ ಆರು ತಿಂಗಳವರೆಗೂ ಅಂಗನವಾಡಿಯ ಊಟದ ಹಕ್ಕಿದೆ. ತವರಿಗೆ ಹೋಗಿದ್ದರೆ ಅಲ್ಲಿನ ಅಂಗನವಾಡಿಯಲ್ಲಿ ಹೆಸರು ಬರೆಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್, ಔಷಧಿ, ರಕ್ತ, ಏಳು ದಿನದವರೆಗಿನ ಊಟ ಎಲ್ಲವೂ ಉಚಿತ ಎಂದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದಲೇ ಹೇಳುತ್ತಿದೆ. ಮನೆಗೆ ಬಿಡಲು ನಗು-ಮಗು ವಾಹನ ಕೇಳಿ.

10. ಹೊಲಿಗೆಗೆ ಬೇಕಾದ್ದು ಒಣ ಗಾಳಿ

ಅರಿಶಿನ, ಬೇವಿನ ಪುಡಿ, ಕೊಬ್ಬರಿ ಎಣ್ಣೆ ಯಾವುದನ್ನೂ ಹಚ್ಚಬೇಡಿ. ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರ್ ಒಪ್ಪಿದರೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸುವುದು, ಅಷ್ಟೇ. ಹಂಡೆಯ ಸುಡುನೀರನ್ನು ಚೊಂಬಿನಿಂದ ಹೊಟ್ಟೆಗೆ ರಪರಪನೆ ಎರಚುವ ಪದ್ಧತಿ ಸಿಜೇರಿಯನ್ ಬಾಣಂತಿಗೆ ಸಲ್ಲದು. ಎಣ್ಣೆ ನೀವುವವರು ಕೈಕಾಲು, ಬೆನ್ನು ನೀವಲಿ, ಹೊಟ್ಟೆ ಮುಟ್ಟದಿರಲಿ. ಹೊಟ್ಟೆ ಇಳಿಯಲಿ ಎಂದು ಸೀರೆ ಬಿಗಿಯಾಗಿ ಸುತ್ತಿದರೆ ಬೆವರು ನಿಂತು ಹೊಲಿಗೆ ಹಸಿಯಾಗುತ್ತದೆ. ಸಾಂಬ್ರಾಣಿಯೂ ಮುಚ್ಚಿದ ಕೋಣೆಯಲ್ಲಿ ಬೇಡ, ಎಳೆ ಮಗುವಿನ ಉಸಿರಿಗೆ ಹೊಗೆ ಒಳ್ಳೆಯದಲ್ಲ.

11. ಈ ಲಕ್ಷಣ ಕಂಡರೆ ಬೆಳಗಾಗಲಿ ಎನ್ನಬೇಡಿ

ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವುದು. 100.4 ಡಿಗ್ರಿ ಅಥವಾ ಅದಕ್ಕೂ ಮೇಲಿನ ಜ್ವರ. ಹೊಲಿಗೆ ಕೆಂಪಾಗಿ ಊದುವುದು, ಕೀವು, ಕೆಟ್ಟ ವಾಸನೆ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಏದುಸಿರು, ಎದೆನೋವು. ಕಣ್ಣು ಮಂಜಾಗುವ ತಲೆನೋವು. ಬಿಪಿ ಹೆರಿಗೆಯಾದ ಮೇಲೂ ಏರಬಲ್ಲದು. ಕೂತರೆ ಸಿಡಿದು, ಮಲಗಿದರೆ ಇಳಿಯುವ ತಲೆನೋವು ಬೆನ್ನಿನ ಇಂಜೆಕ್ಷನ್ನಿನದಿರಬಹುದು, ಅದಕ್ಕೂ ಚಿಕಿತ್ಸೆ ಇದೆ. ಮೂತ್ರ ತೀರಾ ಕಡಿಮೆಯಾದರೆ ತಕ್ಷಣ ಹೇಳಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ರಾಜ್ಯವೇ ಬೆಚ್ಚಿಬಿತ್ತು. ಡ್ರಿಪ್ಸ್ ದ್ರಾವಣದ ಮೇಲೆ ಸಂಶಯ ಬಂದು ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ದ್ರಾವಣದ ಬಳಕೆಯನ್ನು ತಡೆಯಿತು. ಆ ಭಯ ನಮ್ಮ ಹೆಂಗಸರಲ್ಲಿ ಇನ್ನೂ ಇದೆ, ಇರುವುದು ಸಹಜವೂ ಹೌದು. ಆದರೆ ಹೆದರಿ ಆಸ್ಪತ್ರೆಯಿಂದ ದೂರ ಉಳಿದರೆ ಕಳೆದುಕೊಳ್ಳುವುದೇ ಹೆಚ್ಚು. ಜೊತೆಗಿರುವವರು ಕಣ್ಣು ಬಿಟ್ಟಿರಲಿ, ಅನುಮಾನ ಬಂದರೆ ಕೇಳಲಿ, ಮತ್ತೆ ಕೇಳಲಿ. ಸಿಜೇರಿಯನ್ ಆಗಿ ಮನೆಗೆ ಬಂದವರನ್ನು 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಬಂದು ನೋಡಬೇಕು. ತವರೂರಿನ ಆಶಾಗೆ ಮೊದಲೇ ವಿಷಯ ಮುಟ್ಟಿಸಿ.

ಮನಸ್ಸನ್ನೂ ನೋಡಿ. ಮೊದಲ ವಾರದ ಅಳು ಬಹಳ ಜನಕ್ಕೆ ಬಂದು ಹೋಗುತ್ತದೆ. ಎರಡು ವಾರ ಕಳೆದರೂ ನಿದ್ದೆಯಿಲ್ಲ, ಮಗು ಬೇಡ ಅನಿಸುತ್ತದೆ ಎಂದರೆ ಅದು ಕಾಯಿಲೆ. ಡಾಕ್ಟರಿಗೆ ತೋರಿಸಿ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಮಗುವಿಗೋ ತನಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ. "ನೋವು ತಿಂದು ಹೆರಲಿಲ್ಲ" ಎಂದು ಆಡಿಕೊಳ್ಳುವವರಿಗೆ ಮನೆಯವರೇ ಬಾಯಿ ಮುಚ್ಚಿಸಬೇಕು. ಹೊಟ್ಟೆ ಕೊಯ್ಯಿಸಿಕೊಂಡು ಹೆತ್ತವಳು ನೋವು ತಿಂದಿಲ್ಲವೇ?

12. ಆರು ವಾರ ಭಾರ ಬೇಡ, ಎರಡು ವರ್ಷ ಬಸುರು ಬೇಡ

ಆರು ವಾರ ಮಗುವಿಗಿಂತ ಭಾರವಾದುದನ್ನು ಎತ್ತಬೇಡಿ. ಬಿಂದಿಗೆ, ಹುಲ್ಲಿನ ಹೊರೆ, ಒದ್ದೆ ಬಟ್ಟೆಯ ಬಕೆಟ್ ಯಾವುದೂ ಬೇಡ. ನಾಟಿ, ಕಬ್ಬಿನ ಕೆಲಸಕ್ಕೆ ಡಾಕ್ಟರ್ ನೋಡಿ ಹೇಳಿದ ಮೇಲೆಯೇ ಇಳಿಯಿರಿ. ಗರ್ಭಕೋಶದ ಗಾಯ ಗಟ್ಟಿಯಾಗಲು ಕಾಲ ಬೇಕು. ಮುಂದಿನ ಬಸುರಿಗೆ ಎರಡು ವರ್ಷವಾದರೂ ಬಿಡಿ. ಕಾಪರ್-ಟಿಯನ್ನು ಆಪರೇಷನ್ ಸಮಯದಲ್ಲೇ ಹಾಕಿಸಿಕೊಳ್ಳಬಹುದು, ಮೊದಲೇ ಮಾತಾಡಿಕೊಳ್ಳಿ. ಗಂಡು ಬೇಕು ಎಂದು ಮೂರನೆಯ, ನಾಲ್ಕನೆಯ ಸಲ ಅದೇ ಗಾಯದ ಮೇಲೆ ಕೊಯ್ಯಿಸುವುದು ಹೆಣ್ಣಿನ ಜೀವದ ಜೊತೆಗಿನ ಆಟ. ಪ್ರತಿ ಸಲವೂ ಮಾಸು ಗರ್ಭಕೋಶಕ್ಕೆ ಅಂಟಿಕೊಂಡು ರಕ್ತ ಸುರಿಯುವ ಅಪಾಯ ಏರುತ್ತಲೇ ಹೋಗುತ್ತದೆ.

ಒಮ್ಮೆ ಸಿಜೇರಿಯನ್ ಆದರೆ ಮುಂದಿನದೂ ಸಿಜೇರಿಯನ್ನೇ ಎಂದೇನಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ, ಡಾಕ್ಟರ ಒಪ್ಪಿಗೆಯಿಂದ ಪ್ರಯತ್ನಿಸಿದವರಲ್ಲಿ ಹೆಚ್ಚಿನವರಿಗೆ ಮಾಮೂಲಿ ಹೆರಿಗೆಯೇ ಆಗುತ್ತದೆ. ಆದರೆ ಮೊದಲ ಸಲ ಯಾಕೆ ಕೊಯ್ದರು, ಗರ್ಭಕೋಶದ ಮೇಲೆ ಅಡ್ಡ ಕೊಯ್ದರೋ ಉದ್ದ ಕೊಯ್ದರೋ ಎಂಬುದು ಆ ಡಾಕ್ಟರಿಗೆ ಗೊತ್ತಾಗಬೇಕು. ಹೊರಗಿನ ಕಲೆ ನೋಡಿದರೆ ಅದು ತಿಳಿಯುವುದಿಲ್ಲ, ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರುತ್ತದೆ. ಬರೆದಿಲ್ಲವಾದರೆ ಕೇಳಿ ಬರೆಸಿಕೊಂಡು, ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ತವರಲ್ಲೂ ಇನ್ನೊಂದನ್ನು ಗಂಡನ ಮನೆಯಲ್ಲೂ ತಾಯಿ ಕಾರ್ಡಿನ ಜೊತೆ ಇಡಿ.