ಆಶು, ಸಾರಾ ಮತ್ತು ಹಾಡಿನ ವಹಿ



ನಮ್ಮ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಗುಡಿ ಇದೆ. ಮಸೀದಿ ಇದೆ. ಬಸದಿ ಇದೆ. ಗದಗ-ಬೆಟಗೇರಿಗೆ ಹೋದರೆ ಚರ್ಚು ಕಾಣುತ್ತದೆ. ಇವೆಲ್ಲ ನಮಗೆ ಗೊತ್ತು. ಆದರೆ ಯೆಹೂದಿಗಳ ಪ್ರಾರ್ಥನಾ ಮಂದಿರವನ್ನು ನಮ್ಮಲ್ಲಿ ಬಹಳ ಮಂದಿ ನೋಡಿಲ್ಲ. "ಯೆಹೂದಿ ಅಂದ್ರ ಯಾರವ್ವಾ?" ಎಂದು ಕೇಳುವವರೇ ಹೆಚ್ಚು.

ಅವರೂ ನಮ್ಮ ನಾಡಿನಲ್ಲಿ ಬಾಳಿದ ಜನ. ನಮ್ಮ ಹಾಗೆ ಸಂತೆ ಮಾಡಿದರು. ಮಕ್ಕಳ ಮದುವೆ ಮಾಡಿದರು. ಹಾಡು ಹಾಡಿದರು. ಅವರ ಕಥೆಯನ್ನು ಇವತ್ತು ಓದೋಣ. ಇದು ಓದು ಬರಹದ ಕಥೆಯೂ ಹೌದು.

ಯೆಹೂದಿಗಳು ಯಾರು?

ಯೆಹೂದಿ ಧರ್ಮ ಬಹಳ ಹಳೆಯದು. ಕ್ರೈಸ್ತ ಧರ್ಮಕ್ಕಿಂತ, ಇಸ್ಲಾಂ ಧರ್ಮಕ್ಕಿಂತ ಮೊದಲಿನದು. ದೇವರು ಒಬ್ಬನೇ ಎಂದು ಅವರು ನಂಬುತ್ತಾರೆ. ಅವರ ಧರ್ಮಗ್ರಂಥದ ಹೆಸರು ತೋರಾ. ಅದರ ಭಾಷೆ ಹೀಬ್ರೂ. ಅವರು ಪ್ರಾರ್ಥನೆ ಮಾಡುವ ಮಂದಿರಕ್ಕೆ ಸಿನಗಾಗ್ ಎನ್ನುತ್ತಾರೆ.

ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವ ತನಕ ಅವರು ಕೆಲಸ ಮಾಡುವುದಿಲ್ಲ. ಅದು ದೇವರ ದಿನ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಲ್ಲ, ಹಾಗೆ ಎಂದು ತಿಳಿಯಿರಿ.

ನಮಗೆ ಹತ್ತಿರದ ಕೊಂಕಣ ಸೀಮೆಯಲ್ಲಿ ಬೆನೆ ಇಸ್ರೇಲ್ ಎಂಬ ಯೆಹೂದಿಗಳಿದ್ದಾರೆ. ಹಿಂದೆ ಹಳ್ಳಿಗಳಲ್ಲಿ ಅವರಲ್ಲಿ ಬಹಳ ಮಂದಿ ಗಾಣದಿಂದ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಅದಕ್ಕೇ ನೆರೆಹೊರೆಯವರು ಅವರನ್ನು "ಶನಿವಾರ ತೇಲಿ" ಎಂದು ಕರೆದರು. ತೇಲಿ ಅಂದ್ರೆ ಗಾಣಿಗ.

ಮಂಗಳೂರಿಗೆ ಬಂದ ವ್ಯಾಪಾರಿ

ಈಗ ಸುಮಾರು 900 ವರ್ಷ ಹಿಂದಕ್ಕೆ ಹೋಗೋಣ. ಬಸವಣ್ಣನವರ ಕಾಲ ಅದು. ಆಗ ಮಂಗಳೂರು ಒಂದು ಬಂದರು. ಅಲ್ಲಿಗೆ ಅರಬ್ಬೀ ಸಮುದ್ರ ದಾಟಿ ಹಡಗುಗಳು ಬರುತ್ತಿದ್ದವು.

ಸುಮಾರು 1132ರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ. ಅವನ ಹುಟ್ಟೂರು ಆಫ್ರಿಕಾ ಖಂಡದ ಟುನೀಸಿಯಾ ದೇಶದಲ್ಲಿತ್ತು. ಅವನು ನಮ್ಮ ಕರಾವಳಿಯಲ್ಲಿ ಸುಮಾರು 17 ವರ್ಷ ಇದ್ದ. ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಇವನ್ನು ಹಡಗಿನಲ್ಲಿ ಏಡನ್ ಎಂಬ ಊರಿಗೆ ಕಳಿಸುತ್ತಿದ್ದ. ಅವನಿಗೆ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯೂ ಇತ್ತು. ಏಡನ್‌ನ ಗೆಳೆಯರು ಒಡೆದ ಪಾತ್ರೆಗಳನ್ನು ಕಳಿಸುತ್ತಿದ್ದರು. ನಮ್ಮ ಕರಾವಳಿಯ ಕುಶಲಕರ್ಮಿಗಳು ಅವನ್ನು ಕರಗಿಸಿ ಹೊಸ ಪಾತ್ರೆ, ದೀಪ ಮಾಡಿ ಕೊಡುತ್ತಿದ್ದರು.

ಅವನ ಕೈಕೆಳಗೆ ತುಳುನಾಡಿನ ಒಬ್ಬ ಆಳು ಇದ್ದ. ಅವನ ಹೆಸರು ಬೊಮ್ಮ. ನಮ್ಮ ಬೊಮ್ಮಪ್ಪ, ಬೊಮ್ಮವ್ವ ಇದ್ದ ಹಾಗೆ. ಬೊಮ್ಮ ಒಡೆಯನ ಸರಕು ತೆಗೆದುಕೊಂಡು ಏಡನ್‌ಗೆ ಹೋಗಿ ವ್ಯಾಪಾರ ಮಾಡಿ ಬರುತ್ತಿದ್ದ.

ಆ ಕಾಲದಲ್ಲಿ ಮನುಷ್ಯರನ್ನೇ ಕೊಳ್ಳುವ, ಮಾರುವ ಕೆಟ್ಟ ಪದ್ಧತಿ ಇತ್ತು. ಬೆನ್ ಯಿಜು ಹೀಗೆ ಒಬ್ಬ ಹೆಣ್ಣುಮಗಳನ್ನು ಕೊಂಡಿದ್ದ. ಆಕೆ ತುಳುನಾಡಿನವಳು. ಹೆಸರು ಆಶು. 1132ರ ಅಕ್ಟೋಬರ್ ತಿಂಗಳಲ್ಲಿ ಅವನು ಒಂದು ಪತ್ರ ಬರೆಸಿದ. "ಇವಳು ಇನ್ನು ಯಾರ ದಾಸಿಯೂ ಅಲ್ಲ, ಸ್ವತಂತ್ರಳು" ಎಂಬುದು ಆ ಪತ್ರದ ತಿರುಳು. ಆಮೇಲೆ ಅವಳನ್ನೇ ಮದುವೆಯಾದ ಎಂದು ಪಂಡಿತರು ಹೇಳುತ್ತಾರೆ.

ಇದೆಲ್ಲ ನಮಗೆ ಹೇಗೆ ಗೊತ್ತಾಯಿತು?

ಇದು ಅಜ್ಜಿ ಹೇಳಿದ ಕಥೆಯಲ್ಲ. ಕಾಗದದಲ್ಲಿ ಬರೆದಿದ್ದ ಮಾತು.

ಆಗ ಮಂಗಳೂರಿನ ಕಡೆ ತಾಳೆಗರಿಯ ಮೇಲೆ ಬರೆಯುತ್ತಿದ್ದರು. ಬೆನ್ ಯಿಜುಗೆ ಮಾತ್ರ ಕಾಗದವೇ ಬೇಕು. ಏಡನ್‌ನ ಗೆಳೆಯರು ಸಕ್ಕರೆ, ಒಣದ್ರಾಕ್ಷಿಯ ಜೊತೆ ಕಾಗದವನ್ನೂ ಉಡುಗೊರೆಯಾಗಿ ಕಳಿಸುತ್ತಿದ್ದರು. ಕಾಗದ ಅಷ್ಟು ಅಪರೂಪ. ಬಂದ ಪತ್ರದ ಹಿಂದೆ, ಅಂಚಿನಲ್ಲಿ ಅವನು ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ.

1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಹೊರಟ. ಆಮೇಲೆ ಈಜಿಪ್ಟ್ ದೇಶ ಸೇರಿದ. ಪತ್ರಗಳನ್ನೂ ಜೊತೆಗೆ ಒಯ್ದ. ಕೈರೋ ಪಟ್ಟಣದಲ್ಲಿ ಒಂದು ಹಳೆಯ ಸಿನಗಾಗ್ ಇದೆ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದು, ಸುಡಬಾರದು ಎಂಬುದು ಯೆಹೂದಿಗಳ ಕಟ್ಟಳೆ. ಅದಕ್ಕೇ ಅಲ್ಲಿ ಹಳೆಯ ಕಾಗದ ಹಾಕಲು ಒಂದು ಕೋಣೆ ಇತ್ತು. ಪತ್ರ, ಲೆಕ್ಕ, ಮದುವೆಯ ಕರಾರು ಎಲ್ಲವೂ ಅಲ್ಲಿ ಬಿದ್ದವು. ಅಲ್ಲಿ ಮಳೆ ಕಡಿಮೆ. ಹೀಗಾಗಿ ಕಾಗದ ಕೊಳೆಯಲಿಲ್ಲ.

1896ರಲ್ಲಿ ಇಬ್ಬರು ಅಕ್ಕತಂಗಿಯರು ಆ ಕಡೆಯ ಪ್ರವಾಸದಲ್ಲಿ ಕೆಲವು ಹಳೆಯ ಹಾಳೆಗಳನ್ನು ಕೊಂಡು ತಂದರು. ಅವರು ಅವಳಿ ಜವಳಿ. ಹೆಸರು ಆಗ್ನೆಸ್ ಮತ್ತು ಮಾರ್ಗರೆಟ್. ಅವರು ಇದ್ದ ಕೇಂಬ್ರಿಜ್ ಊರಿನ ವಿಶ್ವವಿದ್ಯಾಲಯ ಆಗ ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲ. ಅಲ್ಲಿ ಹೆಂಗಸರಿಗೆ ಪದವಿ ಸಿಕ್ಕಿದ್ದು 1948ರಲ್ಲಿ. ಆದರೂ ಇವರು ಕಲಿಯುವುದನ್ನು ಬಿಡಲಿಲ್ಲ. ಆಗ್ನೆಸ್ ಐವತ್ತರ ಹತ್ತಿರದ ವಯಸ್ಸಿನಲ್ಲಿ ಸಿರಿಯಾಕ್ ಎಂಬ ಹಳೆಯ ಭಾಷೆ ಕಲಿತಳು. ನೋಡ್ರಿ, ಕಲಿಯಲಿಕ್ಕೆ ವಯಸ್ಸು ಅಡ್ಡ ಬರಲಿಲ್ಲ.

ತಂದ ಹಾಳೆಗಳನ್ನು ಅಕ್ಕತಂಗಿಯರು ಷೆಕ್ಟರ್ ಎಂಬ ಪಂಡಿತರಿಗೆ ತೋರಿಸಿದರು. ಅದರಲ್ಲಿ ಒಂದು ಹಾಳೆ ಬಹಳ ಬೆಲೆಯುಳ್ಳದ್ದು ಎಂದು ಅವರು ಗುರುತಿಸಿದರು. ಆಮೇಲೆ ಕೈರೋಗೆ ಹೋದರು. ಸುಮಾರು 1,90,000 ಕಾಗದದ ಚೂರುಗಳನ್ನು ತಂದರು. ಆ ರಾಶಿಯಲ್ಲಿ ನಮ್ಮ ಮಂಗಳೂರಿನ ಸುದ್ದಿಯೂ ಇತ್ತು.

ಆಶು ಏನು ಹೇಳಿದಳು?

ಆ ಕಾಗದಗಳಲ್ಲಿ ಏನೇನು ಇದೆ! ಮೆಣಸಿನ ಬೆಲೆ ಇದೆ. ಬೊಮ್ಮನ ಸಂಬಳ ಇದೆ. ಬೆನ್ ಯಿಜುವಿನ ಮಗಳ ಹೆಸರಿದೆ. ಸಿತ್ ಅಲ್-ದಾರ್ ಎಂದು. ಅದರ ಅರ್ಥ ಮನೆಯೊಡತಿ. 1156ರಲ್ಲಿ ಈಜಿಪ್ಟಿನಲ್ಲಿ ಅವಳ ಮದುವೆಗೆ ಕೊಟ್ಟ ಸಾಮಾನಿನ ಪಟ್ಟಿಯೂ ಸಿಕ್ಕಿದೆ.

ಆದರೆ ಆಶುವಿನ ಮಾತು ಒಂದೂ ಇಲ್ಲ. ಒಂದು ಸಾಲೂ ಇಲ್ಲ.

ಅವಳ ಬಿಡುಗಡೆಯ ಪತ್ರವನ್ನು ಬರೆದವರು ಬೇರೆಯವರು. ಅವಳು ಗಂಡ ಮಕ್ಕಳ ಜೊತೆ ಸಮುದ್ರ ದಾಟಿದಳೋ, ಮಂಗಳೂರಿನಲ್ಲೇ ಉಳಿದಳೋ? ಮಕ್ಕಳು ಹಡಗು ಹತ್ತಿದ ದಿನ ಅವಳ ಎದೆಯಲ್ಲಿ ಏನಿತ್ತು? ಕಾಗದ ಸುಮ್ಮನಿದೆ. ಮೆಣಸಿನ ಲೆಕ್ಕ ಉಳಿಯಿತು. ತಾಯಿಯ ಮಾತು ಉಳಿಯಲಿಲ್ಲ.

ಯಾಕೆ ಹೀಗಾಯಿತು ಅಂತೀರಿ? ಬರೆಯುವ ಕಡ್ಡಿ ಇನ್ನೊಬ್ಬರ ಕೈಯಲ್ಲಿತ್ತು. ಅವರಿಗೆ ಯಾವುದು ಮುಖ್ಯವೋ ಅದನ್ನು ಬರೆದರು.

ಸಾರಾಳ ಊರು

ಈಗ ಇನ್ನೂ ತೆಂಕಣಕ್ಕೆ ಹೋಗೋಣ. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಚೇಂದಮಂಗಲಂ ಎಂಬ ಸಣ್ಣ ಊರಿದೆ. ಅದು ಕೈಮಗ್ಗದ ಊರು. ನಮ್ಮ ಗಜೇಂದ್ರಗಡದ ಸೀರೆಯ ಹಾಗೆ ಅಲ್ಲಿಯ ಬಟ್ಟೆಗೂ ಹೆಸರಿದೆ.

ಆ ಊರಿನಲ್ಲಿ ಗುಡಿ, ಮಸೀದಿ, ಚರ್ಚು, ಸಿನಗಾಗ್ ನಾಲ್ಕೂ ಹತ್ತಿರ ಹತ್ತಿರ ಇವೆ. ಸಿನಗಾಗಿನ ಮುಂದೆ ಒಂದು ಗೋರಿಯ ಕಲ್ಲು ನಿಂತಿದೆ. ಅದರ ಮೇಲೆ ಹೀಬ್ರೂ ಅಕ್ಷರಗಳಿವೆ. ಅದು ಸಾರಾ ಎಂಬ ಹೆಣ್ಣುಮಗಳ ಹೆಸರಿನ ಕಲ್ಲು. ಅದರ ವರ್ಷ 1269. ಭಾರತದಲ್ಲಿ ಸಿಕ್ಕ ಯೆಹೂದಿ ಗೋರಿಯ ಕಲ್ಲುಗಳಲ್ಲಿ ಇದು ಬಹಳ ಹಳೆಯದು.

ಕೇರಳದಲ್ಲಿ ಯೆಹೂದಿಗಳು ಸಾವಿರ ವರ್ಷಕ್ಕೂ ಮಿಕ್ಕಿ ಬಾಳಿದರು. ಸುಮಾರು ಕ್ರಿ.ಶ. 1000ದಲ್ಲಿ ಭಾಸ್ಕರ ರವಿವರ್ಮ ಎಂಬ ಅರಸ ಜೋಸೆಫ್ ರಬ್ಬಾನ್ ಎಂಬ ಯೆಹೂದಿ ಮುಖಂಡನಿಗೆ ತಾಮ್ರಪಟ ಬರೆಸಿಕೊಟ್ಟ. ಅದರಲ್ಲಿ 72 ಹಕ್ಕುಗಳನ್ನು ಕೊಟ್ಟ.

ಅವರು ಮನೆಯಲ್ಲಿ ಮಲಯಾಳಂ ಮಾತಾಡುತ್ತಿದ್ದರು. ಅಕ್ಕಿ, ತೆಂಗು ಉಣ್ಣುತ್ತಿದ್ದರು. ಮದುವೆಯಲ್ಲಿ ತಾಳಿ ಕಟ್ಟುವ ರೂಢಿಯೂ ಇತ್ತು. ಕೊಚ್ಚಿಯಲ್ಲಿ ಸಿನಗಾಗಿನ ಒಳಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ಧರ್ಮ ಬೇರೆ. ಆದರೆ ನೆಲದ ನಡೆ ನುಡಿ ಒಂದೇ.

ಹಾಡಿನ ವಹಿ

ಕೇರಳದ ಯೆಹೂದಿ ಹೆಂಗಸರು ಮಲಯಾಳಂ ಭಾಷೆಯಲ್ಲಿ ಹಾಡು ಕಟ್ಟಿದರು. ಮದುವೆಯ ಹಾಡು. ಹಬ್ಬದ ಹಾಡು. ತಮ್ಮ ಊರಿನ ಸಿನಗಾಗಿನ ಹಾಡು. ಬೇರೆ ದೇಶದ ಕೆಲವು ಯೆಹೂದಿಗಳಲ್ಲಿ ಗಂಡಸರ ಮುಂದೆ ಹೆಂಗಸರು ಹಾಡಬಾರದು ಎನ್ನುತ್ತಾರೆ. ಇಲ್ಲಿ ಹಾಗಿರಲಿಲ್ಲ. ಹೆಂಗಸರು ಎಲ್ಲರ ಮುಂದೆ ದನಿಯೆತ್ತಿ ಹಾಡುತ್ತಿದ್ದರು.

ಇನ್ನೊಂದು ದೊಡ್ಡ ಮಾತು ಕೇಳ್ರಿ. ಅವರು ಆ ಹಾಡುಗಳನ್ನು ವಹಿಯಲ್ಲಿ ಬರೆದಿಟ್ಟರು. ತಾಯಿಯ ವಹಿ ನೋಡಿ ಮಗಳು ಬರೆದುಕೊಂಡಳು. ಅತ್ತೆಯ ವಹಿ ನೋಡಿ ಸೊಸೆ ಬರೆದುಕೊಂಡಳು.

1948ರಲ್ಲಿ ಇಸ್ರೇಲ್ ದೇಶ ಹುಟ್ಟಿತು. ಅದು ತಮ್ಮ ಧರ್ಮದ ಪುಣ್ಯಭೂಮಿ ಎಂಬ ಭಾವನೆ ಯೆಹೂದಿಗಳದು. 1953ರಿಂದ 1955ರ ಒಳಗೆ ಕೇರಳದ ಯೆಹೂದಿಗಳಲ್ಲಿ ಬಹಳ ಮಂದಿ ಅಲ್ಲಿಗೆ ಹೊರಟರು. ಯಾರೂ ಅವರನ್ನು ಓಡಿಸಲಿಲ್ಲ. ಮನೆ ಮಾರಿದರು. ನೆರೆಯವರನ್ನು ಬಿಟ್ಟು ಹೋದರು. ಕೆಲವರು ನೆವಾತಿಂ ಎಂಬ ಹಳ್ಳಿ ಸೇರಿದರು. ಅದು ಮರಳುಗಾಡಿನ ಸೀಮೆ. ಅಲ್ಲಿ ಹೂ ಬೆಳೆದು, ಕೋಳಿ ಸಾಕಿ ಬದುಕು ಕಟ್ಟಿದರು. ಚೇಂದಮಂಗಲದ ಸಿನಗಾಗಿನಲ್ಲಿ ಪ್ರಾರ್ಥನೆ ನಿಂತಿತು. ಈಗ ಆ ಕಟ್ಟಡವನ್ನು ದುರಸ್ತಿ ಮಾಡಿ ವಸ್ತು ಸಂಗ್ರಹಾಲಯ ಮಾಡಿದ್ದಾರೆ.

ಮನೆ ಹೋಯಿತು. ಓಣಿ ಹೋಯಿತು. ಆದರೆ ಪೆಟ್ಟಿಗೆಯೊಳಗೆ ಹಾಡಿನ ವಹಿ ಜೊತೆಗೆ ಹೋಯಿತು.

ಕೊಚ್ಚಿಯ ರೂಬಿ ಡೇನಿಯಲ್ ಎಂಬ ಹೆಣ್ಣುಮಗಳು ಹುಟ್ಟಿದ್ದು 1912ರಲ್ಲಿ. ಆಕೆ ಓದಿದಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಮಹಿಳಾ ವಿಭಾಗದಲ್ಲಿ ಕೆಲಸ ಮಾಡಿದಳು. 1951ರಲ್ಲಿ ಇಸ್ರೇಲ್‌ಗೆ ಹೋದಳು. ಮುಪ್ಪಿನಲ್ಲಿ ಹಳೆಯ ಹಾಡುಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿದಳು. 1995ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ತನ್ನ ಬದುಕಿನ ಕಥೆಯ ಪುಸ್ತಕ ಹೊರತಂದಳು.

2005ರಲ್ಲಿ ಜೆರುಸಲೇಮಿನಲ್ಲಿ ಈ ಹಾಡುಗಳ ಒಂದು ಪುಸ್ತಕ ಅಚ್ಚಾಯಿತು. ಇವತ್ತು ಮೊಮ್ಮಕ್ಕಳು ಅದನ್ನು ಓದಬಹುದು. ಆಶುವಿನ ಮೊಮ್ಮಕ್ಕಳಿಗೆ ಆ ಭಾಗ್ಯ ಸಿಗಲಿಲ್ಲ.

ನಮ್ಮ ಊರಿನ ಮಾತು

ಗಜೇಂದ್ರಗಡದ ಹತ್ತಿರ ಸೂಡಿ ಇದೆ. ಸಾವಿರ ವರ್ಷದ ಹಿಂದೆ ಅಕ್ಕಾದೇವಿ ಎಂಬ ಚಾಲುಕ್ಯ ರಾಜಕುಮಾರಿ ಈ ಸೀಮೆಯನ್ನು ಆಳಿದಳು. ಶಾಸನದ ಕಲ್ಲಿನ ಮೇಲೆ ಅವಳ ಹೆಸರಿದೆ. ಅದಕ್ಕೇ ನಮಗೆ ಅವಳು ಗೊತ್ತು. ಆದರೆ ಆ ಕಾಲದಲ್ಲಿ ಸೂಡಿಯ ಹೊಂಡದಿಂದ ನೀರು ಹೊತ್ತ ಹೆಂಗಸರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಅದು ಹಳೆಯ ಮಾತಾಯಿತು. 1980ರ ಜುಲೈ ತಿಂಗಳಲ್ಲಿ ನರಗುಂದದಲ್ಲಿ ರೈತರ ಬಂಡಾಯ ನಡೆಯಿತು. ಮಲಪ್ರಭಾ ಕಾಲುವೆಯ ಕರದ ಹೊರೆ ತಾಳದೆ ರೈತರು ಎದ್ದರು. ಗೋಲಿಬಾರ್ ಆಯಿತು. ಪುಸ್ತಕಗಳಲ್ಲಿ ಅದರ ಸುದ್ದಿ ಇದೆ. ಆದರೆ ಆ ದಿನ ಹೊಸ್ತಿಲಲ್ಲಿ ನಿಂತು ಗಂಡನ, ಮಗನ ದಾರಿ ಕಾದ ಹೆಂಗಸರು ಏನು ಕಂಡರು? ಅವರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಕೇಳಿ ಬರೆದುಕೊಂಡರೆ ಉಳಿಯುತ್ತದೆ. ಇಲ್ಲದಿದ್ದರೆ ಅವರ ಜೊತೆಗೇ ಹೋಗುತ್ತದೆ.

ಬೀಸುವ ಕಲ್ಲಿನ ಮುಂದೆ ಕುಳಿತು ನಮ್ಮ ಅವ್ವ, ಅಜ್ಜಿ ಎಷ್ಟು ಹಾಡು ಹಾಡಿದರು! ಊರಿಗೆ ಹಿಟ್ಟಿನ ಗಿರಣಿ ಬಂತು. ತೋಳಿನ ನೋವು ತಪ್ಪಿತು. ಒಳ್ಳೆಯದೇ ಆಯಿತು. ಆದರೆ ಕಲ್ಲಿನ ಜೊತೆ ಹಾಡೂ ಮೂಲೆ ಸೇರಿತು. ಸೋಬಾನದ ಪದಗಳ ಜಾಗಕ್ಕೆ ಧ್ವನಿವರ್ಧಕ ಬಂತು.

ಅಕ್ಕಂದಿರೇ, ಅಕ್ಷರ ಬರೀ ಸಹಿ ಮಾಡಲಿಕ್ಕೆ ಅಲ್ಲ. ಸಹಿ ಬೇಕು, ಖರೇ. ಸಾಲದ ಕಾಗದ, ಹೊಲದ ಉತಾರ, ಸಂಘದ ಲೆಕ್ಕ ಇವನ್ನು ಓದದೆ ಹೆಬ್ಬೆಟ್ಟು ಒತ್ತಬಾರದು. ಆಶುವಿನ ಬಿಡುಗಡೆ ಕೂಡ ಒಂದು ಕಾಗದದ ಮೇಲೆ ನಿಂತಿತ್ತು. ನಮ್ಮ ಹೊಲ, ಮನೆಯೂ ಕಾಗದದ ಮೇಲೇ ನಿಂತಿವೆ. ಆದರೆ ಅಕ್ಷರಕ್ಕೆ ಇನ್ನೊಂದು ಕೆಲಸವೂ ಇದೆ. ನಮ್ಮ ಮಾತನ್ನು ನಾವೇ ಬರೆದಿಡುವ ಕೆಲಸ. ತಪ್ಪು ಒಪ್ಪು ಇರಲಿ. ಒತ್ತಕ್ಷರ ತಪ್ಪಿದರೂ ಚಿಂತೆಯಿಲ್ಲ. ತಿದ್ದಿಕೊಳ್ಳಬಹುದು. ಬರೆಯದ ಮಾತನ್ನು ತಿದ್ದಲಿಕ್ಕೂ ಆಗುವುದಿಲ್ಲ.

ಹೊಸ ಪದಗಳು

ಸಿನಗಾಗ್ – ಯೆಹೂದಿಗಳ ಪ್ರಾರ್ಥನಾ ಮಂದಿರ
ತಾಮ್ರಪಟ – ತಾಮ್ರದ ಹಾಳೆಯ ಮೇಲೆ ಕೊರೆದ ಅರಸನ ಆಜ್ಞೆ
ಶಾಸನ – ಕಲ್ಲಿನ ಮೇಲೆ ಕೊರೆದ ಬರಹ
ವಹಿ – ಬರೆಯುವ ಪುಸ್ತಕ

ಕೂಡಿ ಮಾತಾಡೋಣ

1. ಬೆನ್ ಯಿಜುವಿನ ಪತ್ರಗಳು ಇಷ್ಟು ವರ್ಷ ಹೇಗೆ ಉಳಿದವು?
2. ಆಶುವಿಗೆ ಬರೆಯಲು ಬಂದಿದ್ದರೆ ಅವಳು ಏನು ಬರೆಯುತ್ತಿದ್ದಳು?
3. ನಮ್ಮ ಊರಿನಲ್ಲಿ ಸಣ್ಣ ಸಂಖ್ಯೆಯ ಜನ ಯಾರಿದ್ದಾರೆ? ಅವರ ಹಬ್ಬ, ಹಾಡು, ಕೆಲಸದ ಬಗ್ಗೆ ನಮಗೆ ಏನು ಗೊತ್ತು?

ಬರೆಯೋಣ

ನಿಮ್ಮ ಅವ್ವ ಅಥವಾ ಅಜ್ಜಿಯ ಪೂರ್ತಿ ಹೆಸರು ಬರೆಯಿರಿ. ಅವರ ತವರೂರು ಬರೆಯಿರಿ. ಅವರು ಹಾಡುತ್ತಿದ್ದ ಒಂದು ಪದ ನೆನಪು ಮಾಡಿಕೊಂಡು, ನೆನಪಿದ್ದಷ್ಟು ಸಾಲು ಬರೆಯಿರಿ. ಕೆಳಗೆ ನಿಮ್ಮ ಹೆಸರು, ಊರು, ತಾರೀಖು ಹಾಕಿ. ಮುಂದಿನ ಸಲ ಕಲಿಕಾ ಕೇಂದ್ರಕ್ಕೆ ಬರುವಾಗ ತನ್ನಿ. ಎಲ್ಲರೂ ಕೂಡಿ ಓದೋಣ.