ಅಮ್ಮನ ಪಕ್ಕ ಕೂತು ನೋಡಬೇಕಾದ ಮೂರು ಸಿನಿಮಾ

ಪರೀಕ್ಷೆ ಮುಗಿಸಿ ಊರಿಗೆ ಹೋದರೆ ನಾವೆಲ್ಲ ಮಾಡೋದು ಒಂದೇ. ಲ್ಯಾಪ್‌ಟಾಪ್ ತೆಗೆದು ಸಿನಿಮಾ ಹಾಕಿ ಕೂರುತ್ತೇವೆ. ಅಮ್ಮ ಅಡುಗೆಮನೆಯಿಂದ ಇಣುಕಿ "ಏನದು?" ಅಂದರೆ "ನಿನಗೆ ಅರ್ಥ ಆಗಲ್ಲ ಬಿಡಮ್ಮ" ಅಂತೀವಿ. ಈ ರಜೆಗೆ ನಾವು ಆರಿಸಿರುವುದು ಅಮ್ಮನಿಗೇ ನಮಗಿಂತ ಚೆನ್ನಾಗಿ ಅರ್ಥವಾಗುವ ಮೂರು ಕನ್ನಡ ಚಿತ್ರಗಳು. ಮೂರರ ಕತೆಯನ್ನೂ ಬರೆದವರು ಲೇಖಕಿಯರು.

ಗಟ್ಟಿ ಹೆಣ್ಣು ಅಂದಕೂಡಲೇ ನಮಗೆ ನೆನಪಾಗೋದು ಖಾಕಿ ತೊಟ್ಟು ರೌಡಿಗಳನ್ನು ಅಟ್ಟಾಡಿಸುವ ಮಾಲಾಶ್ರೀ. ಅದೂ ಇರಲಿ. ಈ ಮೂವರ ಗಟ್ಟಿತನ ಬೇರೆ ತರಹದ್ದು.

1. ಶರಪಂಜರ (1971): ತ್ರಿವೇಣಿ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಒಳಗಾದ ಕಾವೇರಿ (ಕಲ್ಪನಾ) ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ. ಆದರೆ ಗಂಡನಿಂದ ಹಿಡಿದು ನೆರೆಹೊರೆಯವರೆಗೆ ಎಲ್ಲರಿಗೂ ಅವಳು ಇನ್ನೂ ಹುಚ್ಚಿಯೇ. ಅವಳು ಮತ್ತೆ ಕುಸಿಯುವುದಕ್ಕೆ ಕಾರಣ ಯಾರು ಅನ್ನೋದನ್ನು ಗಮನಿಸಿ.

2. ಫಣಿಯಮ್ಮ (1983): ಎಂ.ಕೆ. ಇಂದಿರಾ ಅವರ ಕಾದಂಬರಿ, ಪ್ರೇಮಾ ಕಾರಂತ ನಿರ್ದೇಶನ. ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮ ತಲೆ ಬೋಳಿಸಿಕೊಂಡು ಜೀವಮಾನವಿಡೀ ಮನೆಯವರ ಚಾಕರಿಯಲ್ಲಿ ಸವೆಯುತ್ತಾಳೆ. ಮುಂದೆ ದಾಕ್ಷಾಯಿಣಿ ಎಂಬ ಯುವ ವಿಧವೆ ಕೂದಲು ಕೊಡೋದಿಲ್ಲ ಅಂತ ಹಟ ಹಿಡಿದಾಗ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ನಾನು ಅನುಭವಿಸಿದ್ದನ್ನು ನೀನೂ ಅನುಭವಿಸು ಎನ್ನದಿರುವುದೇ ಅವಳ ದೊಡ್ಡತನ.

3. ಹಸೀನಾ (2004): ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕತೆ, ಗಿರೀಶ್ ಕಾಸರವಳ್ಳಿ ನಿರ್ದೇಶನ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಓಡಿಸುವ ಗಂಡ ಕೈಬಿಟ್ಟಾಗ ಹಸೀನಾ ಮಸೀದಿಯ ಮುಂದೆಯೇ ನ್ಯಾಯ ಕೇಳಲು ನಿಲ್ಲುತ್ತಾಳೆ. ಈ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಅವರ ಕಥಾಸಂಕಲನದಲ್ಲಿ ಈ ಕತೆಯೂ ಇದೆ.

ನೋಡುವ ಕ್ರಮವೂ ಮುಖ್ಯ. ದಿನಕ್ಕೊಂದೇ ಸಿನಿಮಾ. ಅಮ್ಮ ನಡುವೆ ಎದ್ದು ಹೋಗದಂತೆ ಕುಕ್ಕರ್, ಪಾತ್ರೆ, ಕಾಫಿ ಎಲ್ಲ ಅವತ್ತು ನಮ್ಮದು. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಮುಗಿದ ಮೇಲೆ "ಹೇಗಿತ್ತು?" ಅನ್ನಬೇಡಿ, "ಚೆನ್ನಾಗಿತ್ತು" ಅಂತ ಹೇಳಿ ಎದ್ದುಬಿಡುತ್ತಾರೆ. "ನೀನಾಗಿದ್ದರೆ ಏನು ಮಾಡ್ತಿದ್ದೆ?" ಅಂತ ಕೇಳಿ, ಸುಮ್ಮನೆ ಕಾಯಿರಿ.

ನಮ್ಮ ಸಂಘದ ಗೆಳತಿಯೊಬ್ಬಳು ಕಳೆದ ರಜೆಯಲ್ಲಿ ಶರಪಂಜರ ಮುಗಿದ ಮೇಲೆ ಹೀಗೇ ಕೇಳಿದಳು. ಅವಳಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀನು ಹುಟ್ಟಿದಾಗ ಮೂರು ತಿಂಗಳು ನಾನೂ ಸುಮ್ಮಸುಮ್ಮನೆ ಅಳ್ತಾ ಇದ್ದೆ ಕಣೆ. ದೃಷ್ಟಿ ಆಗಿದೆ ಅಂತ ನಿವಾಳಿಸಿದರು. ಯಾಕೆ ಅಳ್ತೀಯ ಅಂತ ಯಾರೂ ಕೇಳಲಿಲ್ಲ" ಅಂದರಂತೆ.

ಬಾಣಂತನದ ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ ಅಂತ ಗೆಳತಿಗೆ ಗೊತ್ತಿತ್ತು. ತನ್ನಮ್ಮ ಅದನ್ನು ಒಬ್ಬಳೇ ದಾಟಿ ಬಂದಿದ್ದಳು ಅಂತ ಗೊತ್ತಿರಲಿಲ್ಲ. ಅವತ್ತು ಇಬ್ಬರೂ ಮಲಗಿದ್ದು ರಾತ್ರಿ ಎರಡು ಗಂಟೆಗೆ.

ರಜೆ ಹದಿನೈದು ದಿನ ಇದೆ. ಒಂದು ಸಂಜೆ ಅಮ್ಮನಿಗೆ ಕೊಡೋಣ.